ನಲವತ್ತಮೂರು ಚುಕ್ಕಿ

ಆಗಸ್ಟ್ 24, ಭಾನುವಾರ

ಹನ್ನೊಂದು ಗೇಮ್ ಕಾರ್ಟ್ರಿಜ್ ಒರೆಸಿ ಆಯಿತು. ಅಪರೂಪದ ಲೇಬಲ್‌ಗಳ ನನ್ನ ಪಟ್ಟಿಗೆ ಸೇರಿದ್ದು ಎರಡೇ — ಒಂದು ಬೆಳ್ಳಿ ಲೇಬಲ್, ಇನ್ನೊಂದರಲ್ಲಿ ಆಟದ ಹೆಸರು ಕಿತ್ತಳೆ ಬದಲು ಹಳದಿ. ಒಳಗಿನ ಆಟವೇನೋ ಅದೇ. ಹಳೇ ವಿಡಿಯೋ ಗೇಮ್ ಕೂಡಿಡುವವರ ಹುಚ್ಚೇ ಇದು. ಆಡುವುದಿಲ್ಲ, ಮೇಲೆ ಅಂಟಿಸಿದ ಚೀಟಿ ನೋಡುತ್ತೇವೆ. ವಾರವಿಡೀ ಆಸ್ಪತ್ರೆಯಲ್ಲಿ ಎಕ್ಸ್-ರೇ ಮೇಲೆ ಕಲೆ ಹುಡುಕುವವಳಿಗೆ ಭಾನುವಾರವೂ ಅದೇ ಕೆಲಸವಾ ಅಂತ ಅಮ್ಮ ನಗುತ್ತಾಳೆ.

ಪ್ಲೇನ್‌ಫೀಲ್ಡಿನಿಂದ ಜೈ ಫೋನ್ ಮಾಡಿದ್ದ. ಈ ದೇಶದಲ್ಲೇ ಹುಟ್ಟಿ ಬೆಳೆದ ಡೆಂಟಿಸ್ಟ್, ನನ್ನ ಲೇಬಲ್ ಪಟ್ಟಿಯ ಪರಮಭಕ್ತ. ಟ್ಯಾಂಕ್ ಆಟ ಒಂದು ಸಿಕ್ಕಿದೆಯಂತೆ, ಲೇಬಲ್ ಸುತ್ತ ಕೆಂಪು ಚುಕ್ಕಿಗಳ ಅಂಚು. ಆ ಆಟಕ್ಕೆ ಅಪರೂಪದ ಅಂಕ ಹತ್ತಕ್ಕೆ ಒಂದು — ಯಾರ ಗರಾಜಿನಲ್ಲಿ ಕೈ ಹಾಕಿದರೂ ಸಿಗುವ ಮಾಲು. ಆದರೆ ಚುಕ್ಕಿ ಅಂಚನ್ನು ಯಾರೂ ಕಂಡಿಲ್ಲ. ಹತ್ತಕ್ಕೆ ಹತ್ತು ಕೊಡಿ ಆಂಟಿ ಅಂತ ಗೋಗರೆದ. ನೋಡದೆ ಕೊಡುವುದಿಲ್ಲ, ಕಳಿಸು ಅಂದೆ.

ಸೆಪ್ಟೆಂಬರ್ 6, ಶನಿವಾರ

ಪಾರ್ಸೆಲ್ ಬಂತು.

ಭೂತಗನ್ನಡಿಯಲ್ಲಿ ನೋಡಿದೆ. ಅಚ್ಚಾದ ಚುಕ್ಕಿಗಳಲ್ಲ. ಪ್ರತಿ ಕೆಂಪಿನ ಸುತ್ತ ತೆಳು ಹಳದಿ. ಕುಂಕುಮ, ಅದರಡಿ ಅರಿಶಿನ. ನಗು ತಡೆಯಲಾಗಲಿಲ್ಲ. ಜೈಯ ತಾಯಿ ಪ್ರತಿ ವರ್ಷ ಅವನ ಕಾರಿಗೆ ಇದನ್ನೇ ಹಚ್ಚುತ್ತಾರೆ, ಮಹಾಶಯನಿಗೆ ಗುರುತು ಸಿಕ್ಕಿಲ್ಲ. ಯಾರದೋ ಮನೆಯ ಆಯುಧ ಪೂಜೆ ಅಪರೂಪದ ಲೇಬಲ್ ಆಗಿಬಿಟ್ಟಿದೆ.

ಹಿಂದೆ ತಿರುಗಿಸಿದೆ. ಕೈವಾರದ ಮೊನೆಯಲ್ಲಿ ಕೆರೆದ 'ಅ'.

ಅದೇ ದಿನ, ಮಧ್ಯಾಹ್ನ 3

ಅಕ್ಷೋಭ್ಯನದು. ನನ್ನ ತಮ್ಮ. ಇದ್ದರೆ ಈಗ ಐವತ್ತೈದು.

ಆಗ ನಾವು ಟ್ರಾಯ್ ಊರಿನ ಹಳೇ ಮನೆಯಲ್ಲಿದ್ದೆವು. 1982ರಿಂದ ಪ್ರತಿ ಆಯುಧ ಪೂಜೆಗೆ ಅಮ್ಮ ಕಾರು, ಮಿಕ್ಸಿ, ಅಪ್ಪನ ಸ್ಪ್ಯಾನರ್, ಇವನ ಟ್ಯಾಂಕ್ ಆಟ, ಎಲ್ಲಕ್ಕೂ ಬೊಟ್ಟಿಡುತ್ತಿದ್ದಳು. ಸಣ್ಣ ಸಾಮಾನಿಗೆ ಬೆಂಕಿಕಡ್ಡಿಯ ತುದಿಯಿಂದ. ಬೇರೆಯದನ್ನೆಲ್ಲ ಆಮೇಲೆ ಒರೆಸುತ್ತಿದ್ದೆವು, ಇದನ್ನು ಒರೆಸಲು ಅವನು ಬಿಡುತ್ತಿರಲಿಲ್ಲ. ವರ್ಷಕ್ಕೊಂದು ಚುಕ್ಕಿ, ಅಂಚಿನಲ್ಲಿ ಸಾಲಾಗಿ.

1989ರಲ್ಲಿ ಶಿಕಾಗೋದ ಕಾಲೇಜಿನಿಂದ ಹಬ್ಬಕ್ಕೆಂದು ಹೊರಟ. ಕಾರ್ಟ್ರಿಜ್ ಅವನ ಜೊತೆಯಲ್ಲೇ ಇತ್ತು. ದಾರಿಯಲ್ಲಿ, ಕಲಮಜೂ ಹತ್ತಿರ ಹೆದ್ದಾರಿಯ ಎಕ್ಸಿಟ್‌ನಲ್ಲಿ ಕಾರು ಸಿಕ್ಕಿತು, ಬೀಗ ಹಾಕಿತ್ತು. ಅವನು ಸಿಗಲಿಲ್ಲ.

ಅಂದರೆ ಏಳು ಚುಕ್ಕಿ ಇರಬೇಕು. ಮೂರು ಸಲ ಎಣಿಸಿದೆ. ನಲವತ್ತಮೂರು. ಹೋದ ವರ್ಷದವರೆಗೂ ಲೆಕ್ಕ ಸರಿ, ಒಂದು ವರ್ಷವೂ ತಪ್ಪಿಲ್ಲ.

ಬದುಕಿದ್ದಾನೆ. ಎಲ್ಲೋ ಒಂದು ಕಡೆ ಕೂತು ಬೊಟ್ಟಿಡುತ್ತಿದ್ದಾನೆ... ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಸಂತೋಷಕ್ಕೆ.

ಸೆಪ್ಟೆಂಬರ್ 7, ಭಾನುವಾರ

ಜೈಗೆ ಫೋನ್ ಮಾಡಿದೆ. ಕಳೆದ ಅಕ್ಟೋಬರಿನಲ್ಲಿ, ಅವರದೇ ಬಡಾವಣೆಯಲ್ಲಿ ಯಾರೋ ಹಳೇ ಸಾಮಾನು ಮಾರುತ್ತಿದ್ದ ಗರಾಜ್ ಸೇಲ್‌ನಲ್ಲಿ ಸಿಕ್ಕಿತಂತೆ, ಲೇಬಲ್ ಗಮನಿಸಿದ್ದು ಈಗಂತೆ. ಮಾರಿದ ಹೆಂಗಸಿಗೆ ಅದು ತನ್ನದೆಂಬ ನೆನಪೇ ಇಲ್ಲ. ಬೆಳಿಗ್ಗೆ ಮೇಜು ಹಾಕಿದಾಗ ಇರಲಿಲ್ಲ, ಆಮೇಲೆ ನೋಡಿದರೆ ಇತ್ತು ಅಂದಳಂತೆ.

ಅಮ್ಮನಿಗೆ ಈಗ ಅಕ್ಷರ ಓದಲಾಗುವುದಿಲ್ಲ. ಅದಕ್ಕೇ ಇದನ್ನು ಬರೆಯುವ ಧೈರ್ಯ. 1989ರಲ್ಲಿ ಆವತ್ತು ಹೊರಡುವ ಮುನ್ನ ಅಕ್ಷೋಭ್ಯ ಫೋನ್ ಮಾಡಿದ್ದ. ನಾನೇ ಎತ್ತಿದ್ದು. ಫೇಲಾಗಿದ್ದೇನೆ, ಮನೆಯಲ್ಲಿ ಹೇಗೆ ಹೇಳಲಿ ಅಂತ ಅತ್ತ. ನಾನು ಬಾ ಅನ್ನುವವರೆಗೂ ಈ ಮನೆಯೊಳಗೆ ಕಾಲಿಡಬೇಡ ಅಂದೆ. ಇಪ್ಪತ್ತೆರಡರ ಸೊಕ್ಕು, ಮೆಡಿಕಲ್ ಸೀಟಿನ ಸೊಕ್ಕು. ಪೊಲೀಸರಿಗೆ ಹೇಳಲಿಲ್ಲ. ಅಪ್ಪ ಸಾಯುವವರೆಗೂ ಹೇಳಲಿಲ್ಲ. ಅಮ್ಮನಿಗಂತೂ ಇಲ್ಲವೇ ಇಲ್ಲ. ಅಂದಿನಿಂದ ಆಯುಧ ಪೂಜೆಯ ದಿನ ಕೇಳಿಕೊಂಡು ಡ್ಯೂಟಿ ಹಾಕಿಸಿಕೊಳ್ಳುತ್ತೇನೆ. ಅವಳೆದುರು ಕೂರಲಾಗುವುದಿಲ್ಲ.

ಸೆಪ್ಟೆಂಬರ್ 20, ಶನಿವಾರ

ಇಷ್ಟು ದಿನ ಕಾರ್ಟ್ರಿಜ್ ಡ್ರಾಯರಿನಲ್ಲೇ ಇತ್ತು. ಇಂದು ತೆಗೆದೆ. ತೆಗೆಯಬಾರದಿತ್ತು.

ಕೊನೆಯ ಆರು ಚುಕ್ಕಿಗಳಿಗೆ ಎಡಕ್ಕೆ ಬಾಲವಿದೆ. 2019ರಲ್ಲಿ ಅಮ್ಮನಿಗೆ ಸ್ಟ್ರೋಕ್ ಆಯಿತು. ಅಲ್ಲಿಂದೀಚೆಗೆ ಅವಳಿಡುವ ಬೊಟ್ಟೆಲ್ಲ ಎಡಕ್ಕೆ ಜಾರುತ್ತದೆ. ಫ್ರಿಜ್ ಬಾಗಿಲಿನ ಮೇಲೆ ಹೋದ ವರ್ಷದ್ದು ಇನ್ನೂ ಇದೆ. ಪಕ್ಕದಲ್ಲಿಟ್ಟು ಹೋಲಿಸಿದೆ. ಒಂದೇ ಕೈ. ಸ್ಕ್ಯಾನ್ ಆಗಿದ್ದರೆ ಮರುಯೋಚನೆ ಮಾಡದೆ ಸಹಿ ಹಾಕುತ್ತಿದ್ದೆ.

ಆದರೆ ಈ ಕಾರ್ಟ್ರಿಜ್, ಅವನು ಹೋದ ಮೇಲೆ ಕೊಂಡ ಆನ್ ಆರ್ಬರಿನ ಈ ಮನೆಗೆ ಬಂದೇ ಇರಲಿಲ್ಲ.

ಅಮ್ಮನ ಮುಂದಿಟ್ಟೆ. ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಬೆಚ್ಚಲಿಲ್ಲ.

"ಈ ಸಲ ಮುಂಚೇನೇ ಕಳ್ಸಿದಾನಾ?"

ಯಾರು ಅಂದೆ.

"ಅಕ್ಷು ಕಣೇ. ಪ್ರತಿ ವರ್ಷ ತರ್ತಾನೆ, ನಾನು ಕುಂಕುಮ ಇಡ್ತೀನಿ, ತಗೊಂಡು ಹೋಗ್ತಾನೆ. ನೀನು ಡ್ಯೂಟಿಗೆ ಹೋಗಿರ್ತೀಯಲ್ಲ."

ಹೇಗಿದ್ದಾನೆ ಅಂತ ಕೇಳಿದೆ. ಯಾಕೆ ಕೇಳಿದೆನೋ. ಆಗ ಹಾಕಿದ್ದ ಜಾಕೆಟ್ಟೇ ಹಾಕಿರುತ್ತಾನಂತೆ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲವಂತೆ. ಎಷ್ಟು ಕರೆದರೂ ಒಳಗೆ ಬರುವುದಿಲ್ಲ, ಗರಾಜಿನಲ್ಲೇ ನಿಲ್ಲುತ್ತಾನಂತೆ. ಇಷ್ಟು ಹೇಳಿ, ಅನ್ನಕ್ಕಿಡು ಅಂದಳು. ಇಟ್ಟೆ.

ಸೆಪ್ಟೆಂಬರ್ 29, ಸೋಮವಾರ

ಬುಧವಾರಕ್ಕೆ ರಜಾ ಹಾಕಿದೆ. ಮೂವತ್ತಾರು ವರ್ಷದಲ್ಲಿ ಮೊದಲ ಸಲ. ಕೇಳಿ ಅಮ್ಮನ ಮುಖ ಸಣ್ಣದಾಯಿತು. ನಾನಿದ್ದರೆ ಅವನು ಬರುತ್ತಾನೋ ಇಲ್ಲವೋ ಅಂತ ಅವಳ ಚಿಂತೆ.

ಪಟ್ಟಿಗೆ ಹಾಕಿದಿರಾ ಅಂತ ಜೈ ಎರಡು ಮೆಸೇಜ್ ಮಾಡಿದ್ದಾನೆ. ಉತ್ತರ ಕೊಟ್ಟಿಲ್ಲ. 'ತಿಳಿದಿರುವ ಪ್ರತಿ: ಒಂದು' ಅಂತ ಬರೆದು ನಿಲ್ಲಿಸಿದ್ದೇನೆ.

ಅಕ್ಟೋಬರ್ 1, ಬುಧವಾರ — ಆಯುಧ ಪೂಜೆ

ಬೆಳಿಗ್ಗೆ 10:15. ಎಲ್ಲದಕ್ಕೂ ಬೊಟ್ಟಾಯಿತು. ಕಾರ್ಟ್ರಿಜ್‌ಗೆ ಮಾತ್ರ ಅವನು ಬಂದ ಮೇಲೆ ಅಂದಳು ಅಮ್ಮ. ಅಡುಗೆಮನೆ ಮೇಜಿನ ಮುಂದೆ ಕೂತಿದ್ದೇನೆ. ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ.

10:40. ಗರಾಜ್ ಬಾಗಿಲು ಮೇಲೇಳುವ ಸದ್ದು. ರಿಮೋಟ್ ಎರಡೂ ನನ್ನ ಮುಂದಿವೆ. ಅಮ್ಮ ಕೋಲು ಹಿಡಿದು ಹೋದಳು.

ಅಮ್ಮನ ದನಿ ಮಾತ್ರ ಕೇಳುತ್ತಿದೆ. ನಡುವೆ ಸುಮ್ಮನಾಗುತ್ತಾಳೆ, ಯಾರದೋ ಮಾತು ಮುಗಿಯಲಿ ಅಂತ ಕಾಯುವವಳ ಹಾಗೆ. ಆಮೇಲೆ ನಗುತ್ತಾಳೆ. ಅವಳು ಹೀಗೆ ನಕ್ಕು ಎಷ್ಟು ವರ್ಷವಾಯಿತು.

10:50. ಅಮ್ಮ ಗರಾಜಿನ ಬಾಗಿಲಲ್ಲಿ ನಿಂತಿದ್ದಾಳೆ.

"ಪದ್ಮಜಾ, ಅವ್ನು ಕೇಳ್ತಿದಾನೆ. ಅಕ್ಕ ಈಗ್ಲಾದ್ರೂ ಬಾ ಅಂದ್ಲಾ ಅಂತ."

ಆ ಫೋನಿನ ಮಾತು ಇವಳಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ, ನನಗೂ ಅವನಿಗೂ ಬಿಟ್ಟು.

ಬಾ ಅಂದರೆ ಒಳಗೆ ಬರುತ್ತಾನೆ. ಬರುವುದು ಅವನೋ ಏನೋ, ನನಗೆ ಗೊತ್ತಿಲ್ಲ. ಹೆದರಿಕೆಯಾಗುತ್ತಿದೆ. ಇಷ್ಟು ವರ್ಷ ಹೊರಗೇ ನಿಂತಿದ್ದನಲ್ಲ, ನನ್ನ ಒಂದು ಮಾತಿಗೆ. ಅಮ್ಮ ಬಾಗಿಲು ಹಿಡಿದುಕೊಂಡೇ ಇದ್ದಾಳೆ. ಕಾಲು ಸೋತಿರಬೇಕು ಅವಳಿಗೆ.

ಬಾ ಅಂದೆ.

ಹೊರಗೆ ಶೂ ಬಿಚ್ಚುವ ಸದ್ದು. ಒಂದು. ಇನ್ನೊ—