ಶಾಯಿಯ ಬಗ್ಗೆ ಬಿಟ್ಟುಬಂದ ಮೂರು ಲೇಖನಗಳು

ಚಾಮರಾಜಪೇಟೆ
೯-೭-೧೯೭೮, ಭಾನುವಾರ

ಚಿಕ್ಕಪ್ಪನವರಿಗೆ ನಮಸ್ಕಾರ.

ಎದುರಿಗೆ ಹೇಳಲು ಧೈರ್ಯ ಬರಲಿಲ್ಲ, ಈ ಕಾಗದವನ್ನು ಅಮ್ಮನ ಕೈಯಲ್ಲಿ ಕಳಿಸಿದ್ದೇನೆ. ನಾಳೆ ಆಫೀಸಿಗೆ ರಾಜೀನಾಮೆ ಕೊಡುವ ಮೊದಲು ಜೊತೆಗಿರುವ ಹಾಳೆಗಳನ್ನು ಓದಿ.

ಶಾಯಿ ಕಾರ್ಖಾನೆ ಹಾಕಬೇಕು, ಆ ವ್ಯಾಪಾರದ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಹುಡುಕಿ ತಾ ಎಂದಿರಿ. ಎರಡು ತಿಂಗಳು ಲೈಬ್ರರಿಗಳನ್ನು ಸುತ್ತಿದೆ. "ಏನಮ್ಮ, ಸ್ಕೂಲ್ ಬಿಟ್ಟೋಳು ಇಲ್ಲಿಗೆ ದಿನಾ ಬರ್ತೀಯಲ್ಲ!" ಎಂದು ಅಲ್ಲಿಯವರು ನಗುತ್ತಿದ್ದರು. ಒಳ್ಳೆಯ ಸುದ್ದಿ ತಂದಾಗಲೆಲ್ಲ ನೀವು ಚಿಕ್ಕಮ್ಮನನ್ನು ಕೂಗಿ, "ನೋಡೇ, ನಮ್ಮ ಪ್ರೊಫೆಸರ್ ಏನ್ ತಂದಿದಾಳೆ!" ಎನ್ನುತ್ತಿದ್ದಿರಿ. ಅದನ್ನು ಮತ್ತೆ ಮತ್ತೆ ಕೇಳುವ ಆಸೆಗೆ ಮೂರು ಲೇಖನಗಳನ್ನು ಬೇಕೆಂದೇ ಬಿಟ್ಟುಬಂದೆ. ಬಾಲ್ ಪೆನ್ನು ಬಂದಮೇಲೆ ಶಾಯಿಯ ಮಾರಾಟ ವರ್ಷವರ್ಷವೂ ಇಳಿಯುತ್ತಿದೆ ಎಂದು ಮೂರೂ ಹೇಳುತ್ತವೆ.

ಆ ಪತ್ರಿಕೆಗಳನ್ನು ಮನೆಗೆ ಕೊಡುವುದಿಲ್ಲ. ನಿನ್ನೆ ಅಲ್ಲೇ ಕೂತು ಮೂರನ್ನೂ ಕೈಯಲ್ಲಿ ಬರೆದುಕೊಂಡೆ. ತಾರೀಕು, ಪುಟ ಎಲ್ಲ ಹಾಕಿದ್ದೇನೆ. ಬೆರಳು ಸೋತು ಅಕ್ಷರ ಸೊಟ್ಟಗಾಗಿದೆ. ಕೊನೆಯದರಲ್ಲಿ ಎರಡು ಇಂಗ್ಲಿಷ್ ಸಾಲುಗಳು ನನಗೆ ಅರ್ಥವಾಗಲಿಲ್ಲ. ಅವು ನಿಮ್ಮ ಕಾರ್ಖಾನೆಯ ಪರವಾಗಿ ಇದ್ದರೂ ಇರಬಹುದು ಎಂದು ಒಂದಕ್ಷರವೂ ಬಿಡದೆ ಇಳಿಸಿದ್ದೇನೆ.

ನಿಮ್ಮ ಅಣ್ಣನ ಮಗಳು,
ಮುನಿಲಕ್ಷ್ಮಿ