ಬೀರುವಿನಲ್ಲಿರುವ ಆಕಾಶ

...‘ಬೀಳೋದಕ್ಕೆ ನಮ್ಮದೇನೂ ಅಡ್ಡಿ ಇಲ್ಲ, ಇಳಿಯೋದಕ್ಕೆ ಮಾತ್ರ’ ಎಂದೋ, ಹೆಚ್ಚುಕಡಿಮೆ ಹಾಗೆಂದೋ ನಿಮ್ಮ ಗುಮಾಸ್ತರು ಹೇಳಿದ ಮಾತು, ಮಾನ್ಯ ಉದ್ಯಾನ ನಿರ್ದೇಶಕರೇ, ಆರು ವಾರಗಳಿಂದ ನನ್ನನ್ನು ಹೊತ್ತಲ್ಲದ ಹೊತ್ತಿನಲ್ಲಿ ನಗಿಸುತ್ತಿದೆ. ನನ್ನ ಅಕ್ಕನ ಪ್ಯಾರಾಚೂಟು ನಿಮ್ಮ ಕಚೇರಿಯ ಕಬ್ಬಿಣದ ಬೀರುವಿನಲ್ಲಿದೆ. ಅದನ್ನು ವಾಪಸು ಕೇಳಲು ಈ ಪತ್ರ.

ನಿಮ್ಮ ನಿಯಮವನ್ನು ನಾನು ಓದಿದ್ದೇನೆ. ಉದ್ಯಾನದ ಬಂಡೆಯ ತುದಿಗೆ ಹೋಗಬಹುದು. ಅಲ್ಲಿ ಕೂರಲು ನೀವೇ ಕಲ್ಲುಬೆಂಚು ಹಾಕಿಸಿದ್ದೀರಿ. ಆದರೆ ‘ಗಾಳಿಯ ಮೂಲಕ ಯಾವುದೇ ವ್ಯಕ್ತಿಯನ್ನಾಗಲಿ ಸರಕನ್ನಾಗಲಿ ಇಳಿಸತಕ್ಕದ್ದಲ್ಲ’. ಅಂದರೆ ಪ್ಯಾರಾಚೂಟಿಲ್ಲದೆ ಹಾರಿದವನು ಕಾನೂನಿಗೆ ವಿಧೇಯ. ಬದುಕಿ ಉಳಿದವಳು ಅಪರಾಧಿ. ಇಷ್ಟಕ್ಕೂ ನನ್ನಕ್ಕ ಇಲ್ಲಿ ಇಳಿಸಿದವಳೋ, ಇಳಿದ ಸರಕೋ?

ಅಕ್ಕ ಹಲ್ಲಿನ ವೈದ್ಯೆ. ಮೂವತ್ತು ವರ್ಷ ಪರರ ಬಾಯಿಯ ಕತ್ತಲೆಯನ್ನೇ ನೋಡಿದವಳು. ಐವತ್ತಾರರಲ್ಲಿ ಅವಳಿಗೆ ಬಯಲು ಬೇಕೆನಿಸಿದರೆ ತಪ್ಪೇನು? ಕುರ್ಚಿ ಹತ್ತಿ ಬಲ್ಬು ಬದಲಿಸಲೂ ಹೆದರುವ ನಾನು ಆ ಬೆಳಿಗ್ಗೆ ಕೆಳಗಿನ ಹುಲ್ಲಿನಲ್ಲಿ ನಿಂತಿದ್ದೆ. ಅವಳು ಬಂಡೆಯಿಂದ ಕಾಲು ಕಿತ್ತಳು. ನಾನು ಕಣ್ಣು ಮುಚ್ಚಿದೆ. ‘ಪಟ್’ ಎಂದು ಕಿತ್ತಳೆ ಬಣ್ಣದ ಬಟ್ಟೆ ಬಿಚ್ಚಿಕೊಂಡಿತು. ಅಷ್ಟೆತ್ತರದಿಂದ ಅವಳ ನಗು ಅವಳಿಗಿಂತ ಮೊದಲೇ ನನ್ನನ್ನು ತಲುಪಿತು. ಹಿಂದೆಯೇ ನಿಮ್ಮ ಕಾವಲುಗಾರರು ಏದುಸಿರು ಬಿಡುತ್ತ ಬಂದರು.

“ಮೇಡಂ, ಎಲ್ಲಿಂದ ಬಂದ್ರಿ?”

“ಮೇಲಿಂದ.”

“ಟಿಕೆಟ್ಟು?”

“ಗೇಟಲ್ಲೇ ತಗೊಂಡಿದೀನಲ್ಲಪ್ಪಾ.”

“ಹಾಗಿದ್ರೆ ಗೇಟಿಂದಾನೇ ತಾನೇ ಆಚೆ ಹೋಗ್ಬೇಕು?”

ಹೀಗೆ ತರ್ಕಿಸಿ ಅವರು ನಮ್ಮಿಬ್ಬರನ್ನೂ ಪ್ಯಾರಾಚೂಟಿನ ಸಮೇತ ನಿಮ್ಮ ಕಚೇರಿಗೆ ನಡೆಸಿದರು.

ಕಚೇರಿಯಲ್ಲಿ ಅವರು ಪ್ಯಾರಾಚೂಟನ್ನು ಮುದ್ದೆ ಮಾಡಿ ಬೀರುವಿಗೆ ತುರುಕಲು ಹೊರಟರು. “ಅಯ್ಯಯ್ಯೋ, ಅದೇನು ಬೆಡ್‌ಶೀಟಾ? ಕೊಡಿ ಇಲ್ಲಿ!” ಎಂದು ಅಕ್ಕ ಕಸಿದುಕೊಂಡಳು. ಮಡಿಸಲು ನಿಮ್ಮ ಕಾರಿಡಾರು ಪೂರ್ತಿ ಬೇಕಾಯಿತು. ದಾರಗಳು ಗೋಜಲಾಗದಂತೆ ಬಿಗಿ ಹಿಡಿಯುವುದು ಎಂದಿನಂತೆ ನನ್ನ ಕೆಲಸ. ಗುಮಾಸ್ತರು ಒಂದು ಅಂಚು ಹಿಡಿದರು, ಕಾವಲುಗಾರರು ಇನ್ನೊಂದು. ಗಾಳಿ ಹೋಗಲೆಂದು ಟೈಪಿಸ್ಟ್ ಅದರ ಮೇಲೆ ಮಂಡಿಯೂರಿ ಕೂತರು, ಕೂತವರು ಮೆಲ್ಲಗೆ, “ಮೇಡಂ, ನನಗೂ ಕಲಿಸ್ತೀರಾ?” ಎಂದರು.

“ಮಂಡಿ ಹೇಗಿದೆ?”

“ಗಟ್ಟಿ ಇದೆ.”

“ನಂದಕ್ಕೆ ಡಾಕ್ಟ್ರು ಇನ್ನೊಂದೇ ವರ್ಷ ಗಡುವು ಕೊಟ್ಟಿದಾರೆ ಕಣಮ್ಮಾ. ಬೇಗ ಬಾ.”

ಒಂದೂವರೆ ಗಂಟೆ ನಿಮ್ಮ ಕಚೇರಿಯಲ್ಲಿ ಒಂದು ಕಡತವೂ ಅಲುಗಲಿಲ್ಲ, ಎಲ್ಲರೂ ನಗುತ್ತಿದ್ದರು. ಕೊನೆಗೆ ಸಿಕ್ಕ ರಸೀದಿಯಲ್ಲಿ ಹೀಗಿದೆ: ‘ಬಟ್ಟೆ, ಬಣ್ಣದ್ದು, ಒಂದು.’

ಆ ಒಂದು ವರ್ಷದಲ್ಲಿ ಆರು ವಾರ ನಿಮ್ಮ ಬೀರುವಿಗೆ ಹೋಯಿತು. ಕೇಳುವುದು ಇಷ್ಟೇ: ಬಟ್ಟೆ ಹಿಂತಿರುಗಿಸಿ, ಮಂಡಿ ಸೋಲುವ ಮೊದಲು ಅಕ್ಕನಿಗೆ ಇಳಿಯಲು ಒಂದು ಬೆಳಿಗ್ಗೆ, ಒಂದಷ್ಟು ಹುಲ್ಲು ಮಂಜೂರು ಮಾಡಿ. ಬೇಕಾದರೆ ಅದಕ್ಕೊಂದು ನಮೂನೆ ಮುದ್ರಿಸಿ, ಮೂರು ಪ್ರತಿ ತುಂಬಿ ಕೊಡುತ್ತೇವೆ.

ಇನ್ನೊಂದು ವಿಷಯ. ಅಂದು ಅಕ್ಕ ಅದನ್ನು ಸಾಕ್ಷ್ಯವೆಂದು ಮಡಿಸಲಿಲ್ಲ. ಮರುದಿನವೇ ಹಾರುವವಳಂತೆ ಮಡಿಸಿದಳು. ಎಲ್ಲರೂ ಊಟಕ್ಕೆ ಎದ್ದುಹೋದ ಮೇಲೆ, ಮಾನ್ಯರೇ, ನೀವೊಬ್ಬರೇ ಆ ಬೀರು ತೆಗೆದು, ಅದರ ಚೀಲದಿಂದ ಹೊರಗೆ ಇಣುಕುತ್ತಿರುವ, ಎಳೆದರೆ ಬಟ್ಟೆ ಬಿಚ್ಚಿಕೊಳ್ಳುವ ಪುಟ್ಟ ಹಿಡಿಯನ್ನು ಒಮ್ಮೆ ಎಳೆದು ನೋಡಬಾರದೇ?

ಇಂತಿ,
ನೆಲದ ಮೇಲೆ ನಿಂತು ದಾರ ಹಿಡಿಯುವುದಷ್ಟೇ ಬಲ್ಲ ಒಬ್ಬ ತಮ್ಮ