ಅರ್ಕಾದಿ ಅಂಕಲ್ ಟೋಪಿ ತೆಗೆದ ಮೇಲೆ

ಏಪ್ರಿಲ್ 29, ಮಂಗಳವಾರ. ಬೆಂಟ್ಲಿ, ಪರ್ತ್

ಮತ್ತೆ ಅದೇ ಕೆಲಸ. ಅರ್ಕಾದಿ ಅಂಕಲ್ ಮೂಗು ಮುಟ್ಟಿಕೊಂಡರು — ಬಾತುಕೋಳಿ. ಕಿವಿ ಎಳೆದುಕೊಂಡರು — ಅಲ್ಲಿ ಕತ್ತರಿ. ಮತ್ತೆ ಮೂಗು, ಮತ್ತೆ ಬಾತುಕೋಳಿ. ಪಕ್ಕದ ರೂಮಿನಿಂದ ಉತ್ತಮ್ ಗೋಡೆ ಬಡಿದ. "ಮಗಾ, ಹೆಡ್‌ಫೋನ್ ಹಾಕ್ಕೊಳೋ. ಕನಸಲ್ಲೂ ಕ್ವ್ಯಾಕ್ ಕ್ವ್ಯಾಕ್ ಅಂತಿದೆ."

ಯೂನಿವರ್ಸಿಟಿಯ ಕ್ಲಾಸು ಬಿಟ್ಟರೆ ನನ್ನ ಪಾರ್ಟ್‌ಟೈಮ್ ಇದೇ. ಬಾರದ ಭಾಷೆಯ ವಿಡಿಯೊ ಎಡಿಟ್ ಮಾಡುವುದು. ಅಂಕಲ್ ಕಝಾಕ್‌ಸ್ತಾನದವರು, ವಿಡಿಯೊದಲ್ಲಿ ಮಾತು ರಷ್ಯನ್, ನನ್ನ ಜೊತೆ ಇಂಗ್ಲಿಷ್. ಫ್ರೀಮ್ಯಾಂಟಲ್ ಬಂದರಿನಲ್ಲಿ ವೆಲ್ಡರ್ ಆಗಿದ್ದು ರಿಟೈರ್ ಆದವರು. ಈಗ ಪರ್ತ್‌ನಲ್ಲಿ ರಷ್ಯನ್ ಮಾತಾಡುವವರಿಗೆಲ್ಲ ಪರಿಚಯದ ಬ್ಲಾಗರ್. ಚಾನೆಲ್ಲಿನ ಹೆಸರು 'ತಲೆಕೆಳಗಾದ ಅರ್ಕಾದಿ'. ಹೊಸದಾಗಿ ಬಂದವರಿಗೆ ಉಪದೇಶ ಕೊಡುವುದು, ನಡುನಡುವೆ ನಗಿಸುವುದು.

ನನಗೆ ಭಾಷೆ ಬಾರದೆಂದು ಮೊದಲ ದಿನವೇ ಸನ್ನೆ ಹೇಳಿಕೊಟ್ಟರು. ಮೂಗು ಮುಟ್ಟಿದರೆ ಜೋಕ್, ಬಾತುಕೋಳಿಯ ಕೂಗು ಹಾಕು. ಕಿವಿ ಎಳೆದರೆ ಕಟ್. ಟೋಪಿ ತೆಗೆದರೆ ವಿಡಿಯೊ ಮುಗಿಯಿತು, ಮುಂದಿನದೇನಿದ್ದರೂ ಜನಕ್ಕಲ್ಲ. ಈ ಸನ್ನೆಗಳೆಲ್ಲ ತೀರಿಕೊಂಡ ಹೆಂಡತಿ ಗಾಲ್ಯಾ ಮಾಡಿದ್ದಂತೆ. ಆಕೆ ಸೌಂಡ್ ಆಫ್ ಮಾಡಿಕೊಂಡೇ ಎಡಿಟ್ ಮಾಡುತ್ತಿದ್ದರಂತೆ. ಇವರ ಮಾತನ್ನು ದಿನವಿಡೀ ಮನೆಯಲ್ಲಿ ಕೇಳಿದ್ದು ಸಾಲದೇ ಎಂದು.

ಏನು ಹೇಳುತ್ತಿದ್ದಾರೋ ಎಂಬ ಭಯ ನನಗೆ ಇದ್ದೇ ಇದೆ. ಆ್ಯಪ್‌ಗೆ ಹಾಕಿದರೆ ಇವರ ವೇಗಕ್ಕೆ ಅದೂ ತೊದಲುತ್ತದೆ. ಸರ್ಕಾರವನ್ನು ಬಯ್ಯುತ್ತಿದ್ದರೆ? ಕೊನೆಯಲ್ಲಿ ಬೇಡವೆಂದರೂ ನನ್ನ ಹೆಸರು ಹಾಕಿಸುತ್ತಾರೆ. ನಾಳೆ ಇಲ್ಲಿಯೇ ನೆಲೆಸಲು ಪಿಆರ್‌ಗೆ ಅರ್ಜಿ ಹಾಕಿದಾಗ ಯಾರಾದರೂ ತೆಗೆದು ತೋರಿಸಿದರೆ...

ಏಪ್ರಿಲ್ 30

ನಿಖಿತಕ್ಕನಿಗೆ ಕಳಿಸಿದೆ. ದೊಡ್ಡಮ್ಮನ ಮಗಳು. ರಷ್ಯಾದಲ್ಲಿ ಎಂಬಿಬಿಎಸ್ ಓದಿ ಬಂದು ಈಗ ಮಂಡ್ಯದಲ್ಲಿ ಡ್ಯೂಟಿ ಡಾಕ್ಟರು. ನಕ್ಕು ನಕ್ಕು ಫೋನ್ ಮಾಡಿದಳು.

"ಸರ್ಕಾರನೂ ಇಲ್ಲ ಏನೂ ಇಲ್ಲ ಕಣೋ. ಇಲ್ಲಿ ಹೌ ಆರ್ ಯೂ ಅಂದ್ರೆ ನಿಜವಾಗ್ಲೂ ಕೇಳ್ತಿಲ್ಲ, ಉತ್ತರ ಕೊಡ್ಬೇಡಿ ಅಂತಿದ್ದಾರೆ. ಅವ್ರು ಬಂದ ಹೊಸದ್ರಲ್ಲಿ ಪೆಟ್ರೋಲ್ ಬಂಕಲ್ಲಿ ದುಡ್ಡು ತಗೊಳ್ಳೋನಿಗೆ ಕಿಡ್ನಿ ಸ್ಟೋನ್ ಕಥೆ ಪೂರ್ತಿ ಹೇಳಿದ್ರಂತೆ. ಕ್ಯೂ ರಸ್ತೆ ತನಕ ಹೋಗಿತ್ತಂತೆ."

ಜೀವ ಬಂತು. ಒಂದು ದಿನದ ಮಟ್ಟಿಗೆ.

ಮೇ 3, ಶನಿವಾರ

ಫ್ರೀಮ್ಯಾಂಟಲ್ ಮಾರ್ಕೆಟ್‌ನಲ್ಲಿ ಶೂಟಿಂಗ್. ಅಂಕಲ್ ಜೊತೆ ನಡೆಯುವುದು ಉತ್ಸವಮೂರ್ತಿಯ ಜೊತೆ ನಡೆದಂತೆ. ನಾಲ್ಕು ಹೆಜ್ಜೆಗೊಬ್ಬರು ತಡೆಯುತ್ತಾರೆ. ಒಬ್ಬಾತ ಉಪ್ಪಿನಲ್ಲಿ ಹಾಕಿದ ಸೌತೆಕಾಯಿಯ ಜಾಡಿ ಕೊಟ್ಟು ಕೈ ಕುಲುಕಿದ. ಒಬ್ಬ ಹೆಂಗಸು ಇವರ ಮಾತು ಕೇಳಿ ಗಂಡ ಕಯಾಕ್ ದೋಣಿ ಕೊಂಡನೆಂದು ಬೈದಳು. ಇಬ್ಬರ ಜೊತೆಗೂ ಸೆಲ್ಫಿ ತೆಗೆಸಿಕೊಂಡರು.

ತಲೆಯ ಮೇಲೆ ಅದೇ ಟೋಪಿ. ಅಂಚಿನ ಸುತ್ತ ನೊಣ ಓಡಿಸಲು ಕಾರ್ಕುಗಳು ತೂಗಾಡುತ್ತವೆ. ಟೂರಿಸ್ಟರು ಬಿಟ್ಟರೆ ಈ ಊರಿನಲ್ಲಿ ಯಾರೂ ಹಾಕುವುದಿಲ್ಲ ಎಂದೆ. "ಆಸ್ಟ್ರೇಲಿಯದವರಿಗೆ ಆಸ್ಟ್ರೇಲಿಯ ಗೊತ್ತಿಲ್ಲ, ಸುಹಾಸಿಕ್" ಎಂದರು. ನನ್ನ ಹೆಸರಿಗೆ ಅವರು ಇಟ್ಟ ಬಾಲ ಅದು.

ಕಾಫಿ ಕುಡಿಯುವಾಗ ಫೋನ್ ತೆಗೆದು ಮಗಳ ಫೋಟೊ ತೋರಿಸಿದರು. ಲೀದಾ. ಬ್ರಿಸ್ಬೇನ್ ಹತ್ತಿರದ ಇಪ್ಸ್‌ವಿಚ್‌ನ ಆಸ್ಪತ್ರೆಯೊಂದರಲ್ಲಿ ಫಿಸಿಯೊ. ಅಪ್ಪನ ಜೊತೆ ಮಾತು ಬಿಟ್ಟು ವರ್ಷದ ಮೇಲಾಯಿತಂತೆ. ಮೊದಲು ಆಕೆ ಅಡಿಲೇಡ್‌ನಲ್ಲಿದ್ದಳು, ತಾಯಿಯನ್ನೂ ಅಲ್ಲಿಯೇ ಆಸ್ಪತ್ರೆಗೆ ಸೇರಿಸಿದ್ದರು. ಅಂಕಲ್ ಹಾಸಿಗೆಯ ಪಕ್ಕ ಕೂತು ಜೋಕ್ ಹೇಳಿದರು. ಗಾಲ್ಯಾ ನಕ್ಕರು. ಇವರು ಅದನ್ನು ಶೂಟ್ ಮಾಡಿಕೊಂಡರು. ಆಕೆ ತೀರಿಕೊಂಡ ಮೇಲೆ ಬಾತುಕೋಳಿಯ ಸಮೇತ ಚಾನೆಲ್ಲಿಗೆ ಹಾಕಿದರು.

"ಅವಳ ನಗು ಉಳೀಲಿ ಅಂತ ಹಾಕಿದೆ. ಅಮ್ಮನ ಸಾವಿನ ಮೇಲೂ ಬಾತುಕೋಳಿ ಕೂಗಿಸ್ದೆ ಅಂದ್ಲು ಲೀದಾ. ಫೋನ್ ಇಟ್ಲು."

ಈಗಲೂ ವಿಡಿಯೊ ನೋಡುತ್ತಾಳೆಯೇ ಎಂದು ಕೇಳಿದೆ. ಬಯ್ಯುವುದಕ್ಕಾದರೂ ನೋಡುತ್ತಾಳೆ ಎಂದರು. ಆಮೇಲೆ ಸೌತೆಕಾಯಿ ಜಾಡಿ ತೆಗೆಯಲು ಬರದೆ ಇಬ್ಬರೂ ಒದ್ದಾಡಿದೆವು.

ಮೇ 8, ಗುರುವಾರ

ಅಂಕಲ್ ಅಡುಗೆಮನೆಯಲ್ಲಿ ಶೂಟಿಂಗ್. ಬೀಟ್‌ರೂಟ್ ಸೂಪು, ಅವರ ಊರಿನ ಬೋರ್ಷ್. ಸ್ಟ್ಯಾಂಡ್‌ಗೆ ಕ್ಯಾಮೆರಾ ಹಾಕಿಟ್ಟು ನಾನು ಬಾಗಿಲ ಹತ್ತಿರ ಅಸೈನ್‌ಮೆಂಟ್ ಟೈಪ್ ಮಾಡುತ್ತಿದ್ದೆ. ನಾಳೆಯೇ ಕೊಡಬೇಕು, ಅರ್ಧವೂ ಆಗಿಲ್ಲ. ಅಂಕಲ್ ರಾಶಿ ಈರುಳ್ಳಿ ಹೆಚ್ಚಿದರು. ಒಲೆಯ ಶಾಖಕ್ಕೆ ಟೋಪಿ ತೆಗೆದು ಪಕ್ಕಕ್ಕಿಟ್ಟರು. ಕಣ್ಣು ಮೂಗಿನಲ್ಲೆಲ್ಲ ನೀರು. ಹಿಟ್ಟಿನ ರೇಟಿಗೂ ಗೊಳೋ ಎಂದು ಅತ್ತು ತೋರಿಸುವ ಮನುಷ್ಯ, ಹೊಸದೇನಲ್ಲ. ಮಾತಾಡಿದರು, ಮಾತಾಡಿದರು... ಕೊನೆಗೆ ಕ್ಯಾಮೆರಾ ಆಫ್ ಮಾಡು ಎಂದರು.

ಅದೇ ದಿನ, ಸಂಜೆ

ಎಡಿಟ್ ಮುಗಿಯಿತು. ಮೂಗು ಮುಟ್ಟಿದ್ದೇ ಮುಟ್ಟಿದ್ದು. ಇಷ್ಟು ಜೋಕ್ ಒಂದೇ ವಿಡಿಯೊದಲ್ಲಿ ಎಂದೂ ಇರಲಿಲ್ಲ. ಪ್ರತಿಯೊಂದಕ್ಕೂ ಬಾತುಕೋಳಿ ಹಾಕಿದೆ, ಮುಖಕ್ಕೆ ಝೂಮ್ ಕೂಡ. ಅಕ್ಕನಿಗೆ ತೋರಿಸಲು ಪುರುಸೊತ್ತಿಲ್ಲ. ಅಂಕಲ್ ಎಡಿಟ್ ಆದದ್ದನ್ನು ನೋಡುವವರೇ ಅಲ್ಲ, ಅಪಶಕುನವಂತೆ. ಹಾಕಿಬಿಟ್ಟೆ. ಇನ್ನು ಅಸೈನ್‌ಮೆಂಟ್.

ಮೇ 10, ಶನಿವಾರ. ಬೆಳಿಗ್ಗೆ

ಏನೋ ಆಗಿದೆ. ನೋಡಿದವರು ಎಂದಿಗಿಂತ ಎಷ್ಟೋ ಪಾಲು ಹೆಚ್ಚು. ಕಾಮೆಂಟುಗಳಲ್ಲಿ ನಗುವ ಮುಖ ಒಂದೂ ಇಲ್ಲ. ಬರೀ ಮೇಣದಬತ್ತಿ, ಒಡೆದ ಹೃದಯ. ಒಂದೇ ಪದವನ್ನು ತುಂಬ ಜನ ಬರೆದಿದ್ದಾರೆ. ಆ್ಯಪ್‌ಗೆ ಹಾಕಿದೆ. 'ನಾಚಿಕೆಗೇಡು' ಎಂದು ಬಂತು.

ಅಕ್ಕನಿಗೆ ಫೋನ್. ತೆಗೆಯುತ್ತಿಲ್ಲ. ಡ್ಯೂಟಿ ಇರಬೇಕು. ಲಿಂಕ್ ಕಳಿಸಿದ್ದೇನೆ. ಉತ್ತಮ್ ಚಪಾತಿ ಕೊಟ್ಟ, ತಟ್ಟೆ ಪಕ್ಕಕ್ಕಿಟ್ಟೆ. "ಡಿಪೋರ್ಟ್ ಆದ್ರೆ ನಿನ್ನ ರೈಸ್ ಕುಕ್ಕರ್ ನಂಗೆ ಬಿಟ್ಟೋಗು ಮಗಾ" ಎಂದ. ತಮಾಷೆಗೆ ಹೇಳಿದ್ದು. ನಾನು ವೀಸಾದ ನಿಯಮ ತೆಗೆದು ಓದಿದೆ.

ಮಧ್ಯಾಹ್ನ

ಅಕ್ಕ ಫೋನ್ ಮಾಡಿದಳು. ನಗಲಿಲ್ಲ.

"ಸುಹಾಸ, ಇದನ್ನ ಕಟ್ ಮಾಡ್ದೋರು ಯಾರು?"

"ನಾನೇ ಅಕ್ಕ."

"ಮಣ್ಣು ತಿಂದ್ಯಲ್ಲೋ. ಅವ್ರು ಅಡುಗೆ ವಿಷ್ಯ ಮೊದಲೇ ನಿಲ್ಸಿದ್ದಾರೆ. ಆಮೇಲೆಲ್ಲ ಮಗಳ ಹತ್ರ ಮಾತಾಡ್ತಿದ್ದಾರೆ. ನಿಮ್ಮಮ್ಮ ಈರುಳ್ಳಿ ಇನ್ನೂ ಸಣ್ಣಗೆ ಹೆಚ್ತಿದ್ಲು ಅಂತ ಶುರು ಮಾಡಿ... ನಂಗೆ ನಗಿಸೋದು ಬಿಟ್ರೆ ಬೇರೇನೂ ಬರಲ್ಲ ಲೀದಾ, ಹೆದರಿದಾಗ್ಲೂ ನಗಿಸ್ತೀನಿ, ಆವತ್ತು ಆಸ್ಪತ್ರೇಲಿ ತುಂಬಾ ಹೆದರಿದ್ದೆ, ಅದನ್ನ ನಿಂಗೆ ಹೇಳೋಕೆ ಬರ್ಲಿಲ್ಲ ಅಂತ."

"ಆಮೇಲೆ?"

"ಆಮೇಲೆ ನಿನ್ನ ಬಾತುಕೋಳಿ."

ಅವರು ಜೋಕ್ ಹೇಳುತ್ತಿರಲಿಲ್ಲ. ಮೂಗು ಒರೆಸಿಕೊಳ್ಳುತ್ತಿದ್ದರು. ಅಳುವ ಮನುಷ್ಯನ ಮೇಲೆ ಒಂದೊಂದು ಸಲವೂ ಬಾತುಕೋಳಿ ಕೂಗಿಸಿದ್ದೇನೆ. ಅದೂ ಯಾವ ಮಗಳು ಯಾವ ಕಾರಣಕ್ಕೆ ಮಾತು ಬಿಟ್ಟಳೋ ಅದೇ ಮಗಳ ಎದುರಿಗೆ. ಅದೂ ಮದರ್ಸ್ ಡೇ ನಾಳೆ ಇರುವಾಗ.

ವಿಡಿಯೊ ತೆಗೆದುಹಾಕಿದೆ. ತೆಗೆದು ಏನು ಬಂತು. ಅಂಕಲ್ ಫೋನ್ ಆಫ್. ದೋಣಿಯವರ ಜೊತೆ ಮೀನು ಹಿಡಿಯಲು ಹೋಗಿದ್ದಾರೆ, ಸೋಮವಾರದವರೆಗೆ ಇಲ್ಲ.

ಮೇ 11, ಭಾನುವಾರ

ಚಾನೆಲ್ಲಿನಲ್ಲಿ ಕೊಟ್ಟಿರುವುದು ನನ್ನ ನಂಬರು. ಅದಕ್ಕೆ ಮೆಸೇಜ್ ಬಂತು. 'ನಾನು ಅರ್ಕಾದಿಯ ಮಗಳು. ಫೋನ್ ಮಾಡಿ.'

ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದು ಮಾಡಿದೆ. ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡಿದರು. ಸಿಟ್ಟಿನ ದನಿಯಲ್ಲ, ದಣಿದ ದನಿ.

"ಒಂದೇ ಪ್ರಶ್ನೆ. ಬಾತುಕೋಳಿ ಹಾಕು ಅಂತ ಅಪ್ಪ ಹೇಳಿದ್ರಾ?"

"ಇಲ್ಲ. ನಾನು ಹಾಕಿದ್ದು. ನನಗೆ ರಷ್ಯನ್ ಬರಲ್ಲ. ಮೂಗು ಮುಟ್ಟಿದ್ರು, ಜೋಕ್ ಅಂದ್ಕೊಂಡೆ."

"ಹೀಗೆ ಹೇಳು ಅಂತ ಅವರೇ ಹೇಳಿಕೊಟ್ರಾ?"

"ಇಲ್ಲ. ಅವರಿಗಿನ್ನೂ ಏನೂ ಗೊತ್ತಿಲ್ಲ, ಮೀನು ಹಿಡಿಯೋಕೆ ಹೋಗಿದ್ದಾರೆ."

ನಂಬಲಿಲ್ಲ. ಎಲ್ಲವನ್ನೂ ವಿಡಿಯೊ ಮಾಡುವ ಮನುಷ್ಯ ಆತ, ಮದರ್ಸ್ ಡೇಗೆ ಇದೊಂದು ಮಾಡಿದ್ದಾನೆ ಎಂದರು. ನನ್ನಿಂದ ಒಂದು ಮನೆ ಮುರಿಯಿತು ಎಂದುಕೊಂಡೆ. ಫೋನ್ ಇಡುತ್ತಾರೆ ಎನ್ನುವಾಗ ತಡೆದು ಕೇಳಿದರು.

"ಟೋಪಿ ಎಲ್ಲಿತ್ತು?"

ನಾನು ಹಾಕಿದ ವಿಡಿಯೊದಲ್ಲಿ ಬರೀ ಮುಖ, ಝೂಮ್ ಮಾಡಿದ್ದೆನಲ್ಲ. ಲ್ಯಾಪ್‌ಟಾಪಿನಲ್ಲಿ ಪೂರ್ತಿ ಶೂಟ್ ತೆಗೆದು ನೋಡಿದೆ. ಅಂಕಲ್ ಟೋಪಿ ತೆಗೆಯುತ್ತಾರೆ. ಈರುಳ್ಳಿಯ ಪಕ್ಕ ಮೆಲ್ಲಗೆ ಇಡುತ್ತಾರೆ. ಮಾತು ಶುರುವಾಗುವುದು ಅದಾದ ಮೇಲೆ. ಶಾಖಕ್ಕೆ ತೆಗೆದದ್ದಲ್ಲ ಅದು! ಒಲೆ ಹಚ್ಚಿರಲೂ ಇಲ್ಲ. ಅವರು ವಿಡಿಯೊ ಮುಗಿಸಿದ್ದರು. ಜನಕ್ಕೆ ಕೊಡಲು ಆಡಿದ ಮಾತೇ ಅಲ್ಲ. ಅರ್ಥವಾಗದವನು ಒಬ್ಬನೇ ಮನೆಯಲ್ಲಿದ್ದಾನೆಂದು ಮಗಳಿಗೆ ಹೇಳಬೇಕಾದ್ದನ್ನು ಹೇಳಿಕೊಂಡಿದ್ದರು. ನಾನು ಅದನ್ನು ಊರಿಗೆಲ್ಲ ಹಂಚಿದೆ.

"ತೆಗೆದಿದ್ದಾರೆ" ಎಂದೆ. ಆ ಭಾಗ ಹಾಗೆಯೇ ಕಳಿಸಿದೆ, ಬಾತುಕೋಳಿ ಇಲ್ಲದ್ದು.

ನೋಡುತ್ತೇನೆ ಎಂದು ಫೋನ್ ಇಟ್ಟರು. ಆಮೇಲೆ ಒಂದೇ ಮೆಸೇಜ್. 'ಅದು ಅಮ್ಮ ಮಾಡಿದ ನಿಯಮ. ಅಪ್ಪ ಅದನ್ನು ಯಾವತ್ತೂ ಮುರಿದಿಲ್ಲ.'

ಮುಂದೇನೆಂದು ಬರೆದಿಲ್ಲ. ಕೇಳಲು ಧೈರ್ಯವಿಲ್ಲ.

ಮೇ 13, ಮಂಗಳವಾರ

ಹೇಳಿದೆ. ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋದದ್ದೆಲ್ಲ ಮರೆತುಹೋಯಿತು. ಅಂಕಲ್ ಮೀನು ತೊಳೆಯುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, ನಲ್ಲಿ ನಿಲ್ಲಿಸಿದರು.

"ಲೀದಾ ನೋಡಿದ್ಲಾ?"

"ನೋಡಿದ್ರು. ಟೋಪಿ ಎಲ್ಲಿತ್ತು ಅಂತ ಕೇಳಿದ್ರು."

ಕುರ್ಚಿಯಲ್ಲಿ ಕೂತರು. ಮೀನಿನ ಕೈಯನ್ನೇ ಮಂಡಿಯ ಮೇಲಿಟ್ಟುಕೊಂಡರು. ಎಷ್ಟು ಬಾತುಕೋಳಿ ಹಾಕಿದೆ ಎಂದು ಕೇಳಿದರು. ಹದಿನಾಲ್ಕು ಎಂದೆ.

"ಗಾಲ್ಯಾ ಇದ್ದಿದ್ರೆ ಮೂರಕ್ಕೆ ನಿಲ್ಲಿಸ್ತಿದ್ಲು."

ನಕ್ಕರೋ ಅತ್ತರೋ ಗೊತ್ತಾಗಲಿಲ್ಲ. ನನಗೆ ಈ ಮನುಷ್ಯನ ಮುಖ ಓದಲು ಬರುವುದಿಲ್ಲ ಎಂಬುದು ಈಗ ಊರಿಗೇ ಗೊತ್ತು. ಹೋಗು ಎಂದರು. ಕೆಲಸದಿಂದ ತೆಗೆದದ್ದೋ, ಮನೆಗೆ ಹೋಗು ಎಂದದ್ದೋ ತಿಳಿಯಲಿಲ್ಲ.

ಮೇ 16, ಶುಕ್ರವಾರ

ಮೂರು ದಿನದಿಂದ ಸುದ್ದಿ ಇಲ್ಲ. ಬಸ್ಸಿನಲ್ಲಿ ಕೂತರೂ ಅದೇ ಯೋಚನೆ. ಕೆಲಸ ಹೋದರೆ ಹೋಗಲಿ, ಮಗಳು ಬಂದರೆ ಸಾಕು ಎನಿಸುತ್ತಿದೆ. ಅಕ್ಕನಿಗೆ ಹೇಳಿದೆ. "ಈಗ್ಲಾದ್ರೂ ಸ್ವಲ್ಪ ರಷ್ಯನ್ ಕಲಿಯೋ" ಎಂದಳು.

ಈಗ ಮೆಸೇಜ್ ಬಂತು. 'ಸುಹಾಸಿಕ್. ನಾಳೆ ಬಾ. ಲೀದಾ ಫ್ಲೈಟ್. ಕ್ಯಾಮೆರಾ ಬೇಡ.'

ಮೇ 17, ಶನಿವಾರ. ಫ್ರೀಮ್ಯಾಂಟಲ್

ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಬರೆಯುತ್ತಿದ್ದೇನೆ. ಏನಾದರೂ ಬರೆಯುತ್ತಿದ್ದರೆ ಬಾಗಿಲ ಕಡೆ ನೋಡುವುದು ಕಮ್ಮಿ. ಬೋರ್ಷ್ ಕುದಿಯುತ್ತಿದೆ. ಅಂಕಲ್ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದಾರೆ, ಮೇಲೆ ಕಾರ್ಕಿನ ಟೋಪಿ. ಅದು ಬೇಡ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಬ್ರಿಸ್ಬೇನ್ ಫ್ಲೈಟ್ ಇಳಿದು ಗಂಟೆಯಾಯಿತು. ನಾನು ಹೊರಗೆ ಇರುತ್ತೇನೆ ಎಂದೆ. "ಇರು. ನಿಂಗೆ ಅರ್ಥ ಆಗಲ್ಲ. ನೀನಿದ್ರೆ ನಂಗೆ ಮಾತು ಬರುತ್ತೆ" ಎಂದರು. ಆದರೆ ಬೆಳಗಿನಿಂದ ಕನ್ನಡಿಯ ಮುಂದೆ ನಿಂತು ಏನೋ ಅಭ್ಯಾಸ ಮಾಡುತ್ತಿದ್ದಾರೆ. ಏರ್‌ಪೋರ್ಟಿನ ನಾಯಿಯ ಮೇಲಿನ ಜೋಕ್ ಅಂತೆ. ಬಾಗಿಲು ತೆಗೆದ ಕೂಡಲೇ ಹೇಳುತ್ತಾರಂತೆ. ಬೇಡ ಅಂಕಲ್ ಎಂದೆ. ಕೇಳಿಸಿಕೊಳ್ಳಲಿಲ್ಲ. ಹೆದರಿದ್ದಾರೆ. ಹೆದರಿದರೆ ನಗಿಸುತ್ತಾರೆ. ನಗಿಸಿದರೆ ಆಕೆ ಹೊಸ್ತಿಲಿನಿಂದಲೇ ಹಿಂದಿರುಗುತ್ತಾರೆ.

ಕಾರು ನಿಂತ ಸದ್ದು.

ಬಾಗಿಲು ತೆಗೆದರು. ಲೀದಾ ಹೊರಗೆ ನಿಂತಿದ್ದಾರೆ, ಕೈಯಲ್ಲಿ ಒಂದು ಚಿಕ್ಕ ಬ್ಯಾಗು. ಅಂಕಲ್ ಕೈ ಮೇಲೆ ಏಳುತ್ತಿದೆ. ಮೂಗಿನ ಹತ್ತಿರ ಹೋಯಿತು. ಬೇಡ ಅಂಕಲ್, ಬೇಡ ಬೇಡ... ಮೂಗು ಮುಟ್ಟಲಿಲ್ಲ. ಕೈ ಇನ್ನೂ ಮೇಲೆ ಹೋಯಿತು. ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಇನ್ನು ಬರೆಯುವಂತಿಲ್ಲ.